ಹೆಸರಿನ ನಡುವಿನ ಆ ಸಣ್ಣ ಗೆರೆ



ಪ್ಲಸ್ ಟು ಮುಗಿಸಿದ ನನ್ನ ಚಿಕ್ಕಪ್ಪನ ಮಗಳ ಜೊತೆ ಒಂದು ಅರ್ಜಿ ತುಂಬಲು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಹೆಸರು, ಹುಟ್ಟಿದ ದಿನ, ವಿಳಾಸ, ಮಾರ್ಕು ಎಲ್ಲ ತುಂಬಿಸಿ ಕೆಳಗಿನ ಬಟನ್ ಒತ್ತಿದರೆ ಪುಟ ಮುಂದೆ ಹೋಗಲೇ ಇಲ್ಲ. ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು: ಹೆಸರು ಸರಿಯಿಲ್ಲ. ಇನ್ನೊಮ್ಮೆ ಒತ್ತಿದಾಗಲೂ ಅದೇ. ಅಂಗಡಿಯವರಿಗೆ ಇದು ಹೊಸತಲ್ಲ. "ಆ ಮೇಲಿನ ಗೆರೆ ತೆಗೆದುಬಿಡಿ ಮಾರಾಯ್ರೆ, ಆಗ ಹೋಗ್ತದೆ" ಅಂದರು. ತೆಗೆದೆವು, ಹೋಯಿತು.

ಗೆರೆ ಅಂದರೆ ಅಪಾಸ್ಟ್ರಫಿ. ಇಂಗ್ಲಿಷಿನಲ್ಲಿ ಡಿಸೋಜ ಎಂದು ಬರೆಯುವಾಗ ಡಿ ಅಕ್ಷರದ ಪಕ್ಕದಲ್ಲಿ ಮೇಲೆ ಹಾಕುವ ಆ ಸಣ್ಣ ಚಿಹ್ನೆ. ಡಿಸಿಲ್ವ, ಡಿಕುನ್ಹ, ಡಿಕೋಸ್ಟ ಮನೆಯವರಿಗೆಲ್ಲ ಈ ಕಥೆ ಗೊತ್ತು. ಈಗ ನನ್ನ ತಂಗಿಯ ಹೆಸರು ಜ್ಞಾನಸ್ನಾನದ ಸರ್ಟಿಫಿಕೇಟಿನಲ್ಲಿ ಗೆರೆಯೊಂದಿಗೆ, ಎಸ್‌ಎಸ್‌ಎಲ್‌ಸಿ ಬುಕ್ಕಿನಲ್ಲಿ ಗೆರೆಯಿಲ್ಲದೆ, ಆಧಾರಿನಲ್ಲಿ ಗೆರೆಯ ಜಾಗದಲ್ಲಿ ಖಾಲಿ ಜಾಗ. ಮೂರು ಕಾಗದ, ಮೂರು ಹೆಸರು. ಪಾಸ್‌ಪೋರ್ಟಿಗೋ ಕೆಲಸಕ್ಕೋ ಹೋದಾಗ "ಇದು ಮೂರೂ ನೀನೇನಾ?" ಎಂದು ಕೇಳಿದರೆ ಅಫಿದವಿತ್ ಮಾಡಿಸಿಕೊಂಡು ಓಡಾಡಬೇಕು.

ನನ್ನ ಕೆಲಸ ವೆಬ್‌ಸೈಟ್ ಕಟ್ಟುವುದು. ಹಾಗಾಗಿ ಅವಳು ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು: "ಒಂದು ಗೆರೆಗೆ ಅಷ್ಟು ದೊಡ್ಡ ಕಂಪ್ಯೂಟರ್ ಯಾಕೆ ಹೆದರುವುದು?" ಆಗ ಎರಡು ಮಾತಿನಲ್ಲಿ ಹೇಳಲು ಆಗಲಿಲ್ಲ. ಇದಕ್ಕೆ ಮೂವತ್ತು ವರ್ಷಕ್ಕೂ ಮೀರಿದ ಚರಿತ್ರೆ ಉಂಟು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನೀವು ಫಾರಂ ತುಂಬಿ ಬಟನ್ ಒತ್ತಿದಾಗ ಆ ಪುಟ ಎಲ್ಲಿಗೂ ಹೋಗುವುದಿಲ್ಲ. ಅದರ ಬಣ್ಣ, ಚಿತ್ರ, ಕೆಂಪು ನಕ್ಷತ್ರ, ಕೆಳಗಿನ ಸೂಚನೆ ಯಾವುದೂ ಹೋಗುವುದಿಲ್ಲ. ಹೋಗುವುದು ಜೋಡಿಗಳು ಮಾತ್ರ: ಖಾನೆಯ ಹೆಸರು, ಅದರಲ್ಲಿ ನೀವು ಬರೆದದ್ದು. ದೂರದಲ್ಲಿ ಸದಾ ಚಾಲೂ ಇರುವ ಇನ್ನೊಂದು ಕಂಪ್ಯೂಟರ್, ಅಂದರೆ ಸರ್ವರ್, ನಿಮ್ಮನ್ನೂ ನೋಡುವುದಿಲ್ಲ, ನಿಮ್ಮ ಪರದೆಯನ್ನೂ ನೋಡುವುದಿಲ್ಲ. ಅದಕ್ಕೆ ಸಿಗುವುದು ಒಂದು ಚೀಟಿ. ಆ ಚೀಟಿಯನ್ನು ಯಾರು ತೆಗೆದುಕೊಳ್ಳಬೇಕು, ಎಷ್ಟು ನಂಬಬೇಕು ಎಂಬುದನ್ನು ಜನ ಪೆಟ್ಟು ತಿಂದು ತಿಂದು ಕಲಿತರು.

ವೆಬ್ ಹುಟ್ಟಿದ್ದು ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿರುವ ಸೆರ್ನ್ ಎಂಬ ಭೌತಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿ. (ಗಡಿಯಲ್ಲಿರುವವರ ಸಾಧನೆ ಎಂದು ನಾವು ಗಡಿನಾಡಿನವರು ಸ್ವಲ್ಪ ಹೆಮ್ಮೆಪಟ್ಟುಕೊಳ್ಳಬಹುದೇನೋ!) ಟಿಮ್ ಬರ್ನರ್ಸ್-ಲೀ ಅದನ್ನು ಕಟ್ಟಿದ್ದು ಲೇಖನಗಳನ್ನು ಓದಲು. ಆದರೆ ಸೆರ್ನ್‌ನ ಜನರಿಗೆ ಅದರಿಂದ ಮೊದಲು ಆದ ನಿಜವಾದ ಉಪಯೋಗ ಟೆಲಿಫೋನ್ ಡೈರೆಕ್ಟರಿ. ಅಲ್ಲಿನ ದೊಡ್ಡ ಕಂಪ್ಯೂಟರಿನಲ್ಲಿದ್ದ ಫೋನ್ ನಂಬರುಗಳನ್ನು ವೆಬ್ ಮೂಲಕ ಹುಡುಕುವ ವ್ಯವಸ್ಥೆಯನ್ನು ಬರ್ನ್ಡ್ ಪೋಲರ್‌ಮನ್ ಮತ್ತು ಜೊತೆಗಾರರು ಮಾಡಿಕೊಟ್ಟರು. ಹುಡುಕಬೇಕಾದರೆ ಓದುಗನೂ ಏನಾದರೂ ಹೇಳಬೇಕಲ್ಲ? ಒಂದು ಹೆಸರನ್ನಾದರೂ ಬರೆದು ಕಳಿಸಬೇಕು. ಅದಕ್ಕೆ ಇದ್ದದ್ದು "ಈಸ್‌ಇಂಡೆಕ್ಸ್" ಎಂಬ ಒಂದು ಸಣ್ಣ ಗುರುತು. ಪುಟದಲ್ಲಿ ಅದನ್ನು ಹಾಕಿದರೆ ಓದುವವನಿಗೆ ಒಂದೇ ಒಂದು ಹುಡುಕುವ ಖಾನೆ ಕಾಣಿಸುತ್ತಿತ್ತು. ಅಲ್ಲಿ ಬರೆದದ್ದು ಪುಟದ ವಿಳಾಸದ ಕೊನೆಗೆ, ಪ್ರಶ್ನಾರ್ಥಕ ಚಿಹ್ನೆಯ ನಂತರ ಅಂಟಿಕೊಂಡು ಹೋಗುತ್ತಿತ್ತು. ಎರಡು ಪದ ಬರೆದರೆ ನಡುವಿನ ಖಾಲಿ ಜಾಗಕ್ಕೆ ಪ್ಲಸ್ ಚಿಹ್ನೆ. ಇಂದಿಗೂ ಕೆಲವು ವಿಳಾಸಗಳಲ್ಲಿ ಪದಗಳ ನಡುವೆ ಪ್ಲಸ್ ಕಾಣಿಸುತ್ತದಲ್ಲ, ಅದರ ಬೇರು ಇಲ್ಲಿದೆ.

1991ರ ಡಿಸೆಂಬರ್ 12ರಂದು ಅಮೆರಿಕದಲ್ಲಿ ಮೊದಲ ವೆಬ್ ಸರ್ವರ್ ಚಾಲೂ ಆಯಿತು. ಸ್ಟ್ಯಾನ್‌ಫೋರ್ಡಿನ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಪಾಲ್ ಕುಂಜ್ ಅದನ್ನು ಎಬ್ಬಿಸಿದರು. ಅಲ್ಲಿಯೂ ಮುಖ್ಯ ಕೆಲಸ ಹುಡುಕಾಟವೇ: ಸ್ಪೈರ್ಸ್ ಎಂಬ ಭೌತಶಾಸ್ತ್ರ ಲೇಖನಗಳ ಪಟ್ಟಿಯಲ್ಲಿ. ಅಂದರೆ ಓದುವುದಕ್ಕೆಂದು ಮಾಡಿದ ವೆಬ್ ಮೊದಲ ದಿನಗಳಿಂದಲೇ ಓದುಗನ ಮಾತನ್ನೂ ಕೇಳಿಸಿಕೊಳ್ಳಬೇಕಾಯಿತು.

ಒಂದು ಖಾನೆ ಎಷ್ಟು ದಿನಕ್ಕೆ ಸಾಕು? 1993ರಲ್ಲಿ ಎರಡು ಕಡೆ ಕೆಲಸ ನಡೆಯಿತು. ಬ್ರಿಸ್ಟಲ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿದ್ದ ಡೇವ್ ರಾಗೆಟ್ ಅವರು ಎಚ್‌ಟಿಎಂಎಲ್ ಪ್ಲಸ್ ಎಂಬ ಕರಡಿನಲ್ಲಿ ಪೂರ್ತಿ ಫಾರಂ ಹೇಗಿರಬೇಕೆಂದು ಬರೆದರು: ಬರೆಯುವ ಖಾನೆ, ಆರಿಸುವ ಗುಂಡಿ, ಗುರುತು ಹಾಕುವ ಚೌಕ, ಕಳಿಸುವ ಬಟನ್. ಇತ್ತ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದವರು ತಮ್ಮ ಮೊಸಾಯಿಕ್ ಬ್ರೌಸರಿನಲ್ಲಿ ಫಾರಂ ಕಾಣಿಸುವಂತೆ ಮಾಡಿದರು. ಅದೇ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ವೆಬ್ ಸರ್ವರಿನ ಜೊತೆ "ಸಿಜಿಐ" ಎಂಬ ಒಪ್ಪಂದವೂ ಹುಟ್ಟಿತು.

ಈ ಸಿಜಿಐ ಏನೆಂದು ಸ್ವಲ್ಪ ನಿಂತು ನೋಡೋಣ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ವೆಬ್ ಸರ್ವರ್ ಎಂಬುದು ಆಗ ಕೇಳಿದ ಕಡತ ತೆಗೆದುಕೊಡುವ ಜವಾನ. ಅವನಿಗೆ ಲೆಕ್ಕ ಬಾರದು, ಯೋಚನೆ ಬಾರದು. ಫಾರಂ ಬಂದರೆ ಏನು ಮಾಡುವುದು? ಬೇರೊಂದು ಪ್ರೋಗ್ರಾಮನ್ನು ಎಬ್ಬಿಸಿ ಚೀಟಿಯನ್ನು ಅದರ ಕೈಗೆ ಕೊಡುವುದು. ಆ ಪ್ರೋಗ್ರಾಂ ಬರೆದ ಉತ್ತರವನ್ನು ಹಾಗೆಯೇ ಬ್ರೌಸರಿಗೆ ತಲುಪಿಸುವುದು. ಆ ಪ್ರೋಗ್ರಾಂ ಯಾವ ಭಾಷೆಯಲ್ಲಿದ್ದರೂ ನಡೆಯುತ್ತಿತ್ತು. ಆಗ ಹೆಚ್ಚಿನವರು ಬಳಸಿದ್ದು ಪರ್ಲ್. ಒಂದೇ ತೊಂದರೆ: ಪ್ರತಿ ಫಾರಂಗೂ ಹೊಸದಾಗಿ ಪ್ರೋಗ್ರಾಂ ಎಬ್ಬಿಸಿ, ಕೆಲಸ ಮುಗಿದೊಡನೆ ಮಲಗಿಸಬೇಕು. ಚರ್ಚ್ ಆಫೀಸಿಗೆ ಸರ್ಟಿಫಿಕೇಟ್ ಕೇಳಿ ಬರುವ ಒಬ್ಬೊಬ್ಬರಿಗೂ ಹೊಸ ಕ್ಲರ್ಕನ್ನು ಕೆಲಸಕ್ಕೆ ಸೇರಿಸಿ, ಕಾಗದ ಕೊಟ್ಟ ಕೂಡಲೇ ಮನೆಗೆ ಕಳಿಸಿದ ಹಾಗೆ. ಹತ್ತು ಜನ ಬಂದರೆ ಪರವಾಗಿಲ್ಲ. ಹಬ್ಬದ ದಿನ ಸಾವಿರ ಜನ ಬಂದರೆ ಆಫೀಸು ಬಾಗಿಲು ಹಾಕಬೇಕಷ್ಟೆ.

ಚೀಟಿ ಕಳಿಸಲು ಎರಡು ದಾರಿ. ಗೆಟ್ ಎಂಬ ದಾರಿಯಲ್ಲಿ ನೀವು ಬರೆದದ್ದೆಲ್ಲ ವಿಳಾಸದ ಬಾಲದಲ್ಲಿ ಹೋಗುತ್ತದೆ, ಪೋಸ್ಟ್‌ಕಾರ್ಡಿನ ಹಾಗೆ. ಪೋಸ್ಟ್ ಎಂಬ ದಾರಿಯಲ್ಲಿ ವಿಳಾಸ ಬೇರೆ, ಒಳಗಿನ ವಿಷಯ ಬೇರೆ. (ಹೆಸರಿನಿಂದ ಗೊಂದಲ ಬೇಡ, ಪೋಸ್ಟ್‌ಕಾರ್ಡಿನಂತಿರುವುದು ಗೆಟ್!) ಹುಡುಕುವುದಕ್ಕೆ ಗೆಟ್, ಏನನ್ನಾದರೂ ಒಪ್ಪಿಸುವುದಕ್ಕೆ ಪೋಸ್ಟ್ ಎಂಬುದು ಪದ್ಧತಿ. ಯಾವುದೆಂದು ಹೇಳದೆ ಬಿಟ್ಟರೆ ಬ್ರೌಸರ್ ಗೆಟ್ ಎಂದೇ ತಿಳಿಯುತ್ತದೆ. ಇದನ್ನು ನಾನು ಕಲಿತದ್ದು ನಾಚಿಕೆಪಟ್ಟು. ಕಾಲೇಜಿನಲ್ಲಿದ್ದಾಗ ನಮ್ಮ ಯುವಜನರ ಶಿಬಿರಕ್ಕೆ ನೋಂದಣಿ ಫಾರಂ ಮಾಡಿಕೊಟ್ಟಿದ್ದೆ, ದಾರಿ ಯಾವುದೆಂದು ಬರೆಯಲು ಮರೆತಿದ್ದೆ. ಒಂದೇ ಕಂಪ್ಯೂಟರಿನಲ್ಲಿ ಸಾಲಾಗಿ ನಿಂತು ಎಲ್ಲರೂ ತುಂಬಿದರು. ಸಂಜೆ ಒಬ್ಬಳು ಬಂದು ತೋರಿಸಿದಳು: ಬ್ರೌಸರಿನ ಹಿಸ್ಟರಿಯಲ್ಲಿ ಪ್ರತಿಯೊಬ್ಬರ ಫೋನ್ ನಂಬರ್, ರಕ್ತದ ಗುಂಪು, ಮನೆಯ ವಿಳಾಸ ವಿಳಾಸಪಟ್ಟಿಯ ಬಾಲದಲ್ಲಿ ಸಾಲಾಗಿ ಕೂತಿತ್ತು. ಹುಡುಗಿಯರ ನಂಬರೂ ಸೇರಿ. ಅದನ್ನು ಅಳಿಸುವ ತನಕ ನನಗೆ ಊಟ ಸೇರಲಿಲ್ಲ.

1994ರ ಹೊತ್ತಿಗೆ ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್‌ನಲ್ಲಿ ಪಿಜ್ಜಾ ಹಟ್ ಕಂಪನಿ ವೆಬ್ ಫಾರಂ ಮೂಲಕ ಪಿಜ್ಜಾ ಆರ್ಡರ್ ತೆಗೆದುಕೊಳ್ಳಲು ಸುರು ಮಾಡಿತು. 1995ರ ನವೆಂಬರಿನಲ್ಲಿ ಎಚ್‌ಟಿಎಂಎಲ್ 2.0 ಅಧಿಕೃತ ದಾಖಲೆಯಾಗಿ ಹೊರಬಂದಾಗ ಫಾರಂ ಅದರ ಭಾಗವಾಗಿತ್ತು. ಅದೇ ತಿಂಗಳು ಜೆರಾಕ್ಸ್ ಕಂಪನಿಯ ಇಬ್ಬರು, ನೆಬೆಲ್ ಮತ್ತು ಮಾಸಿಂಟರ್, ಫಾರಂ ಜೊತೆ ಕಡತ ಕಳಿಸುವ ಕ್ರಮವನ್ನು ಬರೆದರು. ನೀವು ಅರ್ಜಿಗೆ ಫೋಟೋ ಸೇರಿಸುವುದು ಇಂದಿಗೂ ಆ ಕ್ರಮದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಹೆದರಿಕೆಯ ಕಥೆ. ಇದೂ ಫೋನ್ ಡೈರೆಕ್ಟರಿಯದ್ದೇ, ನೋಡಿ. ಎನ್‌ಸಿಎಸ್‌ಎ ಸರ್ವರಿನ ಜೊತೆ, ಅನಂತರ ಅಪಾಚೆ ಸರ್ವರಿನ ಜೊತೆಗೂ, ಮಾದರಿಗೆಂದು ಕೆಲವು ಸಿಜಿಐ ಪ್ರೋಗ್ರಾಮುಗಳನ್ನು ಕೊಡುತ್ತಿದ್ದರು. ಅದರಲ್ಲೊಂದು "ಪಿಎಚ್‌ಎಫ್". ಫಾರಂನಲ್ಲಿ ಹೆಸರು ಬರೆದರೆ ಡೈರೆಕ್ಟರಿಯಲ್ಲಿ ಹುಡುಕಿ ಕೊಡುವ ಪ್ರೋಗ್ರಾಂ. ಅದು ಹುಡುಕುತ್ತಿದ್ದದ್ದು ಹೇಗೆ? ನೀವು ಬರೆದ ಹೆಸರನ್ನು ಸೇರಿಸಿ ಒಂದು ಆಜ್ಞೆ ತಯಾರಿಸಿ ಸರ್ವರ್ ಕಂಪ್ಯೂಟರಿಗೆ ಕೊಡುವುದು. ಹೆಸರಿನೊಳಗೆ ಯಾರಾದರೂ ಬೇರೆ ಆಜ್ಞೆ ತುರುಕಬಾರದೆಂದು ಅಪಾಯಕಾರಿ ಚಿಹ್ನೆಗಳನ್ನು ತಟಸ್ಥ ಮಾಡುವ ವ್ಯವಸ್ಥೆಯೂ ಇತ್ತು. ಆದರೆ ಆ ಚಿಹ್ನೆಗಳ ಪಟ್ಟಿಯಲ್ಲಿ ಒಂದನ್ನು ಬಿಟ್ಟಿದ್ದರು: ಹೊಸ ಸಾಲು. ಹೆಸರಿನ ನಂತರ ಹೊಸ ಸಾಲಿನ ಸಂಕೇತ ಹಾಕಿ ಅದರ ಕೆಳಗೆ ಏನು ಬರೆದರೂ ಸರ್ವರ್ ವಿಧೇಯವಾಗಿ ಪಾಲಿಸುತ್ತಿತ್ತು. ಪಾಸ್‌ವರ್ಡ್ ಕಡತ ತೋರಿಸು ಎಂದರೂ ತೋರಿಸುತ್ತಿತ್ತು! 1996ರ ಮಾರ್ಚಿನಲ್ಲಿ ಅಮೆರಿಕದ ಸರ್ಟ್ ಸಂಸ್ಥೆ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಯಾರೂ ಬಳಸದ ಮಾದರಿ ಪ್ರೋಗ್ರಾಂ, ತೆಗೆಯಲು ಮರೆತ ಕಾರಣಕ್ಕೆ ಎಷ್ಟೋ ಸರ್ವರುಗಳ ಹಿಂಬಾಗಿಲು ತೆರೆದುಕೊಂಡೇ ಇತ್ತು.

ಚೀಟಿಯಲ್ಲಿ ಬರೆದದ್ದು ಹೆಸರು ಎಂದು ಪ್ರೋಗ್ರಾಂ ಬರೆದವರು ಅಂದುಕೊಂಡಿದ್ದರು. ಯಂತ್ರಕ್ಕೆ ಹೆಸರು ಯಾವುದು, ಆಜ್ಞೆ ಯಾವುದು ಎಂಬ ವ್ಯತ್ಯಾಸವೇ ಗೊತ್ತಿರಲಿಲ್ಲ. ನಮ್ಮ ಗೆರೆಯ ಕಥೆಯೂ ಇದೇ, ಜಾಗ ಮಾತ್ರ ಬೇರೆ.

ಗ್ರೀನ್‌ಲೆಂಡಿನಲ್ಲಿ ಹುಟ್ಟಿದ, ಕೆನಡಾದಲ್ಲಿ ಕಲಿತ ರಾಸ್ಮಸ್ ಲೆರ್ಡೋರ್ಫ್ ಎಂಬ ಯುವಕ 1994ರಲ್ಲಿ ತನ್ನ ಬಯೋಡೇಟಾ ಪುಟವನ್ನು ಯಾರು ನೋಡುತ್ತಾರೆಂದು ತಿಳಿಯಲು ಕೆಲವು ಸಣ್ಣ ಸಿಜಿಐ ಪ್ರೋಗ್ರಾಂ ಬರೆದುಕೊಂಡ. 1995ರ ಜೂನ್ 8ರಂದು ಅವನ್ನು ಎಲ್ಲರಿಗೂ ಹಂಚಿದ. ಅದು ಪಿಎಚ್‌ಪಿ. ಮೊದಲ ವರ್ಷಗಳಲ್ಲಿ ಅದರ ಹೆಸರಿನ ಜೊತೆ ಎಫ್‌ಐ ಎಂದೂ ಇತ್ತು, "ಫಾರಂ ಇಂಟರ್‌ಪ್ರಿಟರ್", ಅಂದರೆ ಫಾರಂ ಅರ್ಥಮಾಡಿಕೊಳ್ಳುವವ. ಪರ್ಲ್‌ನಲ್ಲಿ ಚೀಟಿಯನ್ನು ಬಿಡಿಸಿ ಓದುವುದೇ ಒಂದು ಕೆಲಸ. ಪಿಎಚ್‌ಪಿಯಲ್ಲಿ ಫಾರಂನ ಖಾನೆಗೆ "ಊರು" ಎಂದು ಹೆಸರಿಟ್ಟರೆ ಪ್ರೋಗ್ರಾಂನಲ್ಲಿ ಊರು ಎಂಬ ಚರ ತಾನಾಗಿ ತಯಾರಾಗಿ ನಿಂತಿರುತ್ತಿತ್ತು. ಪುಟವೂ ಅದನ್ನು ಸ್ವೀಕರಿಸುವ ಪ್ರೋಗ್ರಾಮೂ ಒಂದೇ ಕಡತದಲ್ಲಿ. ಸಾವಿರಾರು ಜನ, ಕಂಪ್ಯೂಟರ್ ವಿಜ್ಞಾನ ಓದದವರೂ, ವೆಬ್‌ಸೈಟ್ ಮಾಡಿದ್ದು ಇದರಿಂದ. ಆ ಉಪಕಾರವನ್ನು ನಾನು ಸಣ್ಣದು ಎನ್ನುವುದಿಲ್ಲ, ನಾನೂ ಕಲಿತದ್ದು ಅಲ್ಲೇ.

ಆದರೆ ಆ ಸುಲಭಕ್ಕೆ ಬೆಲೆ ಇತ್ತು. ಫಾರಂನಲ್ಲಿ ಇಲ್ಲದ ಹೆಸರನ್ನೂ ಯಾರಾದರೂ ಚೀಟಿಯಲ್ಲಿ ಸೇರಿಸಿ ಕಳಿಸಿದರೆ ಅದೂ ಚರವಾಗಿ ನಿಲ್ಲುತ್ತಿತ್ತು. "ಅಧಿಕಾರಿ = ಹೌದು" ಎಂದು ಸೇರಿಸಿ ಕಳಿಸಿದವನು ಬೇಜವಾಬ್ದಾರಿ ಪ್ರೋಗ್ರಾಮಿನೊಳಗೆ ಅಧಿಕಾರಿಯಾಗುತ್ತಿದ್ದ. 2002ರ ಏಪ್ರಿಲಿನಲ್ಲಿ ಬಂದ 4.2.0 ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಮೊದಲೇ ಆಫ್ ಮಾಡಿ ಕೊಡಲು ಸುರು ಮಾಡಿದರು, 2012ರ 5.4 ಆವೃತ್ತಿಯಲ್ಲಿ ಪೂರ್ತಿ ಕಿತ್ತುಹಾಕಿದರು.

ಇನ್ನು ಗೆರೆಗೆ ಬರೋಣ. ಸರ್ವರ್ ತನ್ನ ಲೆಕ್ಕಪುಸ್ತಕಕ್ಕೆ, ಅಂದರೆ ಡೇಟಾಬೇಸಿಗೆ, ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಮಾತಾಡುತ್ತದೆ. ಆ ಭಾಷೆಯಲ್ಲಿ ಯಾವುದೇ ಬರಹವನ್ನು ಎರಡು ಅಪಾಸ್ಟ್ರಫಿಗಳ ನಡುವೆ ಇಡಬೇಕು. ಮೊದಲ ಗೆರೆ ಕಂಡಾಗ ಹೆಸರು ಸುರು, ಎರಡನೆಯದು ಕಂಡಾಗ ಹೆಸರು ಮುಗಿಯಿತು. ಪಿಂಟೊ ಎಂಬವರು ಬಂದರೆ 'ಪಿಂಟೊ'. ಸರಿಯಾಯಿತು. ನಮ್ಮ ಹುಡುಗಿ ಬಂದಳು: 'ಡಿ'ಸೋಜ'. ಡೇಟಾಬೇಸ್ ಏನು ತಿಳಿಯಿತು? ಹೆಸರು "ಡಿ", ಅಲ್ಲಿಗೆ ಮುಗಿಯಿತು. ಉಳಿದ "ಸೋಜ" ಏನು? ಯಾವುದೋ ಆಜ್ಞೆ ಇರಬೇಕು. ಸೋಜ ಎಂಬ ಆಜ್ಞೆ ತನಗೆ ಗೊತ್ತಿಲ್ಲ, ಹಾಗಾಗಿ ತಪ್ಪಾಗಿದೆ ಎಂದು ನಿಂತುಬಿಡುತ್ತದೆ.

ಪಾಪದ ಡಿಸೋಜರ ಮನೆಯವರಿಂದ ಆಗುವುದು ಇಷ್ಟೇ. ಆದರೆ ಕಿಡಿಗೇಡಿ ಒಬ್ಬ ಸೋಜದ ಜಾಗದಲ್ಲಿ ಡೇಟಾಬೇಸಿಗೆ ಅರ್ಥವಾಗುವ ಆಜ್ಞೆಯನ್ನೇ ಬರೆದರೆ? ಎಲ್ಲರ ಪಾಸ್‌ವರ್ಡ್ ಕೊಡು ಎಂದರೆ? 1998ರ ಡಿಸೆಂಬರಿನಲ್ಲಿ ಫ್ರ್ಯಾಕ್ ಎಂಬ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಾಲ್ ಎಂಬವರು, ಬೇರೊಂದು ಹೆಸರಿನಲ್ಲಿ, ಇದು ಹೇಗೆ ಸಾಧ್ಯ ಎಂದು ಬಿಡಿಸಿ ತೋರಿಸಿದರು. ಮುಂದೆ ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಹೆಸರು ಬಂತು. ಇಂದಿಗೂ ವೆಬ್‌ಸೈಟ್ ಕೆಡವುವ ಪರಿಚಿತ ಉಪಾಯಗಳಲ್ಲಿ ಇದೊಂದು.

ಸರಿಯಾದ ಪರಿಹಾರವೂ ಉಂಟು. ಆಜ್ಞೆಯನ್ನು ಮೊದಲೇ ಬೇರೆಯಾಗಿ ಡೇಟಾಬೇಸಿಗೆ ಹೇಳಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಆಮೇಲೆ ಹೆಸರನ್ನು ಬೇರೆಯಾಗಿ ಕೊಡುವುದು. ಆಗ ಹೆಸರಿನಲ್ಲಿ ಏನೇ ಇದ್ದರೂ ಅದು ಹೆಸರೇ, ಆಜ್ಞೆಯಾಗಲು ಸಾಧ್ಯವೇ ಇಲ್ಲ. ಕೆಲಸ ಹೆಚ್ಚೇನಲ್ಲ. ಆದರೆ ಜನ ಅಡ್ಡದಾರಿ ಹಿಡಿದರು. ಪಿಎಚ್‌ಪಿಯವರು "ಮ್ಯಾಜಿಕ್ ಕೋಟ್ಸ್" ಎಂದು ಒಂದು ಮಾಡಿದರು. ಒಳಗೆ ಬರುವ ಪ್ರತಿ ಅಪಾಸ್ಟ್ರಫಿಯ ಹಿಂದೆ ತಾನಾಗಿ ಒಂದು ಓರೆ ಗೆರೆ ಹಾಕುವುದು. ಡೇಟಾಬೇಸಿಗೆ ಸರಿ, ಆದರೆ ಪುಟದಲ್ಲಿ ಮತ್ತೆ ತೋರಿಸುವಾಗ ಓರೆ ಗೆರೆಯೂ ಕಾಣಿಸುತ್ತಿತ್ತು: ಡಿ\'ಸೋಜ. ಎರಡು ಸಲ ಉಳಿಸಿದರೆ ಗೆರೆಗಳು ಇನ್ನೂ ಹೆಚ್ಚು. ಹಳೆಯ ವೆಬ್‌ಸೈಟುಗಳಲ್ಲಿ ಇಂಥ ಮುಳ್ಳುಬೇಲಿಯ ಹೆಸರುಗಳನ್ನು ನೋಡಿದ ನೆನಪು ಕೆಲವರಿಗಾದರೂ ಇರಬಹುದು. 2012ರಲ್ಲಿ ಅದೂ ಹೋಯಿತು.

ಇನ್ನೂ ಸೋಮಾರಿಯಾದ ದಾರಿ ಗೆರೆಯನ್ನೇ ಬೇಡ ಎನ್ನುವುದು. ಇಂಗ್ಲಿಷಿನ 26 ಅಕ್ಷರ ಬಿಟ್ಟು ಬೇರೇನಿದ್ದರೂ "ಹೆಸರು ಸರಿಯಿಲ್ಲ". ಅಂದು ಅಂಗಡಿಯಲ್ಲಿ ನಮಗೆ ಆದದ್ದು ಇದೇ ಇರಬೇಕೆಂದು ನನ್ನ ಅಂದಾಜು. ಯಾರೋ ಒಬ್ಬರ ಪ್ರೋಗ್ರಾಂ ಸುಲಭವಾಗಲೆಂದು ಹೆಸರು ಬದಲಾಯಿಸಿಕೊಳ್ಳಬೇಕಾದದ್ದು ಹೆಸರಿನವರು. ಇದು ನನಗೆ ಸರಿ ಕಾಣುವುದಿಲ್ಲ.

ಈಗ ಕಂಟ್ರೋಲರ್ ಎಂಬವನ ಪ್ರವೇಶ. ಇವನ ಹುಟ್ಟು ವೆಬ್‌ಗಿಂತ ಹಳೆಯದು. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ 1978-79ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರಕ್ಕೆ ಅತಿಥಿಯಾಗಿ ಹೋಗಿದ್ದರು. ಪ್ರೋಗ್ರಾಮನ್ನು ಮೂರು ಪಾಲು ಮಾಡಬೇಕೆಂಬುದು ಅವರ ಯೋಚನೆ: ವಿಷಯವನ್ನು ಇಟ್ಟುಕೊಳ್ಳುವ ಮಾಡೆಲ್, ಅದನ್ನು ಕಣ್ಣಿಗೆ ತೋರಿಸುವ ವ್ಯೂ, ಬಳಸುವವನ ಕೈಯಿಂದ ಬಂದದ್ದನ್ನು ತೆಗೆದುಕೊಳ್ಳುವ ಕಂಟ್ರೋಲರ್. ಅವರು ಯೋಚಿಸುತ್ತಿದ್ದದ್ದು ಒಂದೇ ಕಂಪ್ಯೂಟರಿನ ಪರದೆ, ಕೀಲಿಮಣೆ, ಮೌಸ್ ಬಗ್ಗೆ. ಇಪ್ಪತ್ತು ವರ್ಷದ ನಂತರ ವೆಬ್‌ನವರು, ತಮ್ಮ ಒಂದೇ ಕಡತದಲ್ಲಿ ಪುಟ, ಲೆಕ್ಕ, ಡೇಟಾಬೇಸ್ ಎಲ್ಲ ಕಲಸುಮೇಲೋಗರವಾಗಿ ಕೈಮೀರಿದಾಗ, ಈ ಹಳೆಯ ವಿಂಗಡಣೆಯನ್ನು ಹುಡುಕಿ ತಂದರು. 2000ದಲ್ಲಿ ಕ್ರೇಗ್ ಮೆಕ್ಲಾನಹನ್ ಜಾವಾ ಭಾಷೆಗೆ ಸ್ಟ್ರಟ್ಸ್ ಎಂಬ ಚೌಕಟ್ಟು ಕೊಟ್ಟರು. 2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ರೂಬಿ ಆನ್ ರೇಲ್ಸ್ ತಂದರು. ಜಾವಾದ ಸ್ಪ್ರಿಂಗ್, ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಎಂವಿಸಿ, ಪಿಎಚ್‌ಪಿಯ ಲಾರಾವೆಲ್, ಎಲ್ಲವೂ ಅದೇ ಮನೆತನದವು.

ಕಂಟ್ರೋಲರ್ ಮಾಡುವ ಕೆಲಸ ನಮ್ಮ ಚರ್ಚ್ ಆಫೀಸಿನಲ್ಲಿ ಕೂರುವವರ ಕೆಲಸದಂತೆ. ಬಾಗಿಲಿಗೆ ಬಂದ ಚೀಟಿ ಯಾರಿಗೆ ಸೇರಿದ್ದೆಂದು ವಿಳಾಸ ನೋಡಿ ತಿಳಿಯುವುದು. ಬೇಕಾದ ಖಾನೆಗಳನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬದಿಗಿಡುವುದು. ದಿನಾಂಕದ ಜಾಗದಲ್ಲಿ ದಿನಾಂಕವೇ ಇದೆಯಾ ನೋಡುವುದು. ಒಳಗಿನ ರಿಜಿಸ್ಟರನ್ನು ಬಂದವರ ಕೈಗೆ ಕೊಡದೆ, ಬರೆಯಬೇಕಾದವರಿಂದ ಬರೆಸುವುದು. ಕೊನೆಗೆ ಉತ್ತರ ಹೇಳಿ ಕಳಿಸುವುದು. ಆ ಕೊನೆಯದರಲ್ಲೂ ಒಂದು ಕ್ರಮ ಬೆಳೆಯಿತು. ಪೋಸ್ಟ್ ಮುಗಿದ ಮೇಲೆ ಅಲ್ಲೇ ಉತ್ತರ ತೋರಿಸಿದರೆ, ಬಳಸುವವರು ಪುಟ ರಿಫ್ರೆಶ್ ಮಾಡಿದಾಗ ಅದೇ ಚೀಟಿ ಎರಡನೇ ಸಲ ಹೋಗುತ್ತದೆ, ಹಣವೂ ಎರಡು ಸಲ ಹೋಗಬಹುದು. ಅದಕ್ಕೇ ಕಂಟ್ರೋಲರ್ "ಆಯಿತು, ಈಗ ಆ ಇನ್ನೊಂದು ಪುಟಕ್ಕೆ ಹೋಗಿ" ಎಂದು ದಾಟಿಸಿಬಿಡುತ್ತದೆ.

ಹಾಗಂತ ಕಂಟ್ರೋಲರ್ ಇದ್ದ ಮಾತ್ರಕ್ಕೆ ಎಲ್ಲ ಕ್ಷೇಮವಾಗಲಿಲ್ಲ. ರೇಲ್ಸ್‌ನಲ್ಲಿ ಚೀಟಿಯ ಎಲ್ಲ ಖಾನೆಗಳನ್ನೂ ಒಂದೇ ಸಾಲಿನಲ್ಲಿ ಮಾಡೆಲ್‌ಗೆ ಸುರಿಯುವ ಅನುಕೂಲ ಇತ್ತು. ಇದು ಅಪಾಯ ಎಂದು ರಷ್ಯಾದ ಯುವಕ ಈಗೊರ್ ಹೊಮಕೋವ್ ಹೇಳಿದಾಗ, ಅದು ಪ್ರೋಗ್ರಾಂ ಬರೆಯುವವರ ಜವಾಬ್ದಾರಿ ಎಂಬ ಉತ್ತರ ಬಂತು. 2012ರ ಮಾರ್ಚ್ 4, ಒಂದು ಭಾನುವಾರ, ಅವನು ಗಿಟ್‌ಹಬ್ ಎಂಬ ತಾಣದ ಫಾರಂ ಒಂದಕ್ಕೆ ಪುಟದಲ್ಲಿ ಇಲ್ಲದ ಒಂದು ಖಾನೆ ಸೇರಿಸಿ ಕಳಿಸಿದ. ಕಂಟ್ರೋಲರ್ ಅದನ್ನೂ ನುಂಗಿತು. ರೇಲ್ಸ್ ತಂಡದವರ ಬೀಗದ ಕೈ ಇಡುವ ಜಾಗದಲ್ಲಿ ಅವನ ಕೈ ಸೇರಿಕೊಂಡಿತು, ರೇಲ್ಸ್‌ನ ಸ್ವಂತ ಮೂಲ ಕಡತಗಳಲ್ಲೇ ಅವನು ಬರೆದು ತೋರಿಸಿದ! ಹತ್ತು ವರ್ಷ ಮೊದಲು ಪಿಎಚ್‌ಪಿ ಕಲಿತ ಪಾಠವನ್ನೇ ರೇಲ್ಸ್ ಮತ್ತೆ ಕಲಿಯಬೇಕಾಯಿತು. ಅನಂತರ ಯಾವ ಖಾನೆ ಒಳಗೆ ಬರಬಹುದು ಎಂದು ಕಂಟ್ರೋಲರಿನಲ್ಲಿ ಹೆಸರು ಹಿಡಿದು ಹೇಳುವ ಪದ್ಧತಿ ಬಂತು.

ಫೋಟೋ ಸೇರಿಸುವ ಕ್ರಮವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. 2017ರ ಮಾರ್ಚಿನಲ್ಲಿ ಸ್ಟ್ರಟ್ಸ್‌ನಲ್ಲಿ ಆ ಬಗೆಯ ಫಾರಂ ಓದುವ ಭಾಗದಲ್ಲಿ ದೋಷ ಕಂಡುಬಂತು. ರಿಪೇರಿಯೂ ಕೂಡಲೇ ಹೊರಬಂತು. ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಾಲದ ಲೆಕ್ಕ ಇಡುವ ಕಂಪನಿ ತನ್ನ ಒಂದು ತಾಣದಲ್ಲಿ ಆ ರಿಪೇರಿ ಹಾಕಲಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಕಳ್ಳರು ಅಲ್ಲಿಂದ ಸುಮಾರು 14.7 ಕೋಟಿ ಜನರ ಹೆಸರು, ಹುಟ್ಟಿದ ದಿನ, ಸರ್ಕಾರಿ ಗುರುತು ಸಂಖ್ಯೆಗಳನ್ನು ಹೊತ್ತೊಯ್ದರು. ಅವರಲ್ಲಿ ಎಷ್ಟೋ ಮಂದಿ ಆ ಕಂಪನಿಯ ಯಾವ ಫಾರಂ ಅನ್ನೂ ಯಾವತ್ತೂ ತುಂಬಿದವರಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಕನ್ನಡದಲ್ಲಿ ಡಿಸೋಜ ಎಂದು ಬರೆದರೆ ಗೆರೆಯೇ ಇಲ್ಲವಲ್ಲ, ಹಾಗೇ ತುಂಬಿದರಾಯಿತಲ್ಲ? ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ಬೇರೆ ಹೊಂಡ. ಕನ್ನಡ ಅಕ್ಷರಗಳಿಗೆ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೂ ಬಹಳ ಕಾಲ ವೆಬ್ ಪುಟಗಳು ಪಶ್ಚಿಮ ಯೂರೋಪಿನ ಅಕ್ಷರಗಳ ಪಟ್ಟಿಯಲ್ಲೇ ನಡೆದವು. ಅಂಥ ಪುಟದ ಫಾರಂನಲ್ಲಿ "ಕ" ಎಂದು ಬರೆದರೆ ಬ್ರೌಸರಿಗೆ ಆ ಪಟ್ಟಿಯಲ್ಲಿ ಕ ಸಿಗದೆ, ಅದರ ಯೂನಿಕೋಡ್ ಸಂಖ್ಯೆಯನ್ನೇ ಕಳಿಸುತ್ತಿತ್ತು: &#3221; ಎಂದು. ಡೇಟಾಬೇಸುಗಳೂ ಹಾಗೆಯೇ. ಸ್ವೀಡನ್‌ನಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್, 2018ರ 8.0 ಆವೃತ್ತಿಯವರೆಗೂ, ನಾವು ಬೇರೆ ಹೇಳದಿದ್ದರೆ ಯೂರೋಪಿನ ಪಟ್ಟಿಯನ್ನೇ ಬಳಸುತ್ತಿತ್ತು. ಕನ್ನಡ ಹೆಸರು ಕೊಟ್ಟರೆ ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ನಿಮ್ಮ ಹೆಸರೇನು ಎಂದು ನಮ್ಮನ್ನೇ ವಾಪಸ್ ಕೇಳಿದ ಹಾಗೆ.

ಈಗ ಯುಟಿಎಫ್-8 ಎಲ್ಲ ಕಡೆ ಬಂದಿದೆ. ಆದರೂ ಲೆಕ್ಕ ನೋಡಿ. ನಮ್ಮ ಕಣ್ಣಿಗೆ "ಡಿಸೋಜ" ಮೂರು ಅಕ್ಷರ. ಯೂನಿಕೋಡಿನಲ್ಲಿ ಅದು ಐದು ತುಂಡು: ಡ, ಗುಡಿಸು, ಸ, ಓತ್ವ, ಜ. ಪ್ರತಿ ತುಂಡಿಗೆ ಮೂರು ಬೈಟ್, ಒಟ್ಟು 15. ಫಾರಂನಿಂದ ಹೊರಡುವಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಾಗಿ ಬದಲಾಗುತ್ತದೆ. ಮೂರಕ್ಷರದ ಮನೆತನ ತಂತಿಯ ಮೇಲೆ 45 ಚಿಹ್ನೆಗಳಾಗಿ ಓಡುತ್ತದೆ! ಹೆಸರಿಗೆ 30 ಬೈಟ್ ಸಾಕು ಎಂದು ಇಂಗ್ಲಿಷ್ ಲೆಕ್ಕದಲ್ಲಿ ಜಾಗ ಬಿಟ್ಟವರ ರಿಜಿಸ್ಟರಿನಲ್ಲಿ ಕನ್ನಡ, ಮಲಯಾಳಂ ಹೆಸರುಗಳು ಅರ್ಧಕ್ಕೆ ತುಂಡಾಗುವುದು ಇದರಿಂದ. ಕಾಸರಗೋಡಿನಂಥ ಊರಿನಲ್ಲಿ ಒಂದೇ ಮನೆಯ ಹೆಸರನ್ನು ಮೂರು ಲಿಪಿಯಲ್ಲಿ ಬರೆಯುವ ನಮಗೆ ಇದು ದೂರದ ವಿಷಯವಲ್ಲ.

ಇನ್ನೊಂದು ತಪ್ಪೊಪ್ಪಿಗೆ ಬಾಕಿ ಇದೆ. ಬಸ್ಸಿನಲ್ಲಿ ತಂಗಿ ಕೇಳಿದ ಮೇಲೆ ಮನೆಗೆ ಬಂದು ನಮ್ಮ ಧರ್ಮಕೇಂದ್ರದ ಕುಟುಂಬಗಳ ಮಾಹಿತಿ ಸಂಗ್ರಹಿಸಲು ನಾನೇ ಹಿಂದೆ ಮಾಡಿಕೊಟ್ಟಿದ್ದ ಫಾರಂ ತೆರೆದು ನೋಡಿದೆ. ಹೆಸರಿನ ಖಾನೆಯ ಪರೀಕ್ಷೆಯಲ್ಲಿ, ಎಲ್ಲಿಂದಲೋ ನಕಲು ಮಾಡಿದ ಅದೇ ಸಾಲು: ಇಂಗ್ಲಿಷಿನ 26 ಅಕ್ಷರ, ಒಂದು ಖಾಲಿ ಜಾಗ, ಬೇರೇನೂ ಇಲ್ಲ. ಗೆರೆಯೂ ಇಲ್ಲ, ಕನ್ನಡವೂ ಇಲ್ಲ. ಎಷ್ಟು ಮನೆಯವರು ಮರುಮಾತಾಡದೆ ಹೆಸರು ತಿದ್ದಿ ಕಳಿಸಿದ್ದರು! ಒಬ್ಬರೂ ನನ್ನ ಹತ್ತಿರ ದೂರಲಿಲ್ಲ. ಫಾರಂ ಹಾಗೆ ಹೇಳಿದೆ ಅಂದರೆ ತಪ್ಪು ತಮ್ಮದೇ ಇರಬೇಕು ಅಂದುಕೊಂಡಿದ್ದರು.

ಆ ಸಾಲನ್ನು ತೆಗೆದೆ. ಡೇಟಾಬೇಸಿಗೆ ಹೆಸರನ್ನು ಆಜ್ಞೆಯಿಂದ ಬೇರೆಯಾಗಿಯೇ ಕೊಡುವಂತೆ ಮಾಡಿದೆ, ಖಾನೆಯ ಉದ್ದ ಹೆಚ್ಚಿಸಿದೆ. ಆಮೇಲೆ ಎರಡು ಭಾನುವಾರ ಪೂಜೆ ಮುಗಿದ ಮೇಲೆ ಹಾಲಿನಲ್ಲಿ ಮೇಜು ಹಾಕಿ ಕೂತು, ಜ್ಞಾನಸ್ನಾನದ ರಿಜಿಸ್ಟರ್ ಎದುರಿಟ್ಟುಕೊಂಡು ಹೆಸರುಗಳನ್ನು ಒಂದೊಂದಾಗಿ ಸರಿಪಡಿಸಿದೆವು. ಹಳೆಯ ಫಾದರ್‌ಗಳು ಶಾಯಿಯಲ್ಲಿ ಬರೆದ ಆ ರಿಜಿಸ್ಟರಿನಲ್ಲಿ ಪ್ರತಿ ಗೆರೆಯೂ ಇದ್ದ ಜಾಗದಲ್ಲೇ ಇತ್ತು. ಹೊಸ ಫಾರಂನಲ್ಲಿ ಮೊದಲು ಪರೀಕ್ಷೆಗೆ ತುಂಬಿದ ಹೆಸರು ನನ್ನ ತಂಗಿಯದ್ದು, ಗೆರೆ ಸಮೇತ. ಕಳಿಸಿದ ಮೇಲೆ ಪರದೆಯಲ್ಲಿ ಹೋದ ಹಾಗೆಯೇ ವಾಪಸ್ ಬಂತು. ಎಸ್‌ಎಸ್‌ಎಲ್‌ಸಿ ಬುಕ್ಕಿನ ತಿದ್ದುಪಡಿಗೆ ಅವಳು ಅರ್ಜಿ ಹಾಕಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.